ದೊಡ್ಡವ್ವನ ಮೇಲೆ ಹೊರಿಸಿದ ಮಾಟ

ನನ್ನನ್ನೂ ನನ್ನ ಅಣ್ಣನನ್ನೂ ಸಾಕಿದವಳು ದೊಡ್ಡವ್ವ, ಅಂದರೆ ನಮ್ಮವ್ವನ ಅಕ್ಕ. ಅವ್ವ ತೀರಿಕೊಂಡಾಗ ನಾನಿನ್ನೂ ಅಂಬೆಗಾಲಿಡುವ ಕೂಸು. ಗಂಡ ಸತ್ತು, ಮಕ್ಕಳಿಲ್ಲದೆ ಇದ್ದ ದೊಡ್ಡವ್ವ ತನ್ನ ಕುರಿಗಳನ್ನು ಹೊಡೆದುಕೊಂಡು ಪಾಲಮಲೆಯ ಬುಡದಲ್ಲಿರುವ ನಮ್ಮೂರಿಗೆ ಬಂದಳು, ಮತ್ತೆ ಹಿಂದಿರುಗಲಿಲ್ಲ. ಅಪ್ಪನೂ ಬಹಳ ದಿನ ಬಾಳಲಿಲ್ಲ. ಅಣ್ಣನಿಗೆ ಹೆಣ್ಣು ನೋಡಿ ಮದುವೆ ಮಾಡಿಸಿದವಳೂ ಅವಳೇ. ಸೊಸೆ ಮನೆ ತುಂಬಿದ ಮೇಲೆ ಒಂದು ಒಲೆಗೆ ಇಬ್ಬರು ಬೇಡವೆಂದು ಹೊಲದ ಮೂಲೆಯಲ್ಲಿ ಗುಡಿಸಲು ಹಾಕಿಕೊಂಡು ಕುರಿಗಳ ಜೊತೆ ಅಲ್ಲೇ ಉಳಿದಳು.

ಅವಳ ಬಾಯಿ ಒಳ್ಳೆಯದಲ್ಲ. ಯಾರದಾದರೂ ಮೇಕೆ ನಮ್ಮ ಹೊಲಕ್ಕೆ ನುಗ್ಗಿದರೆ ‘ನಿನ್ನ ಬಾಗ್ಲಿಗೆ ಮುಳ್ ಬಡ್ಯ’ ಎಂದು ಊರಿಗೆಲ್ಲ ಕೇಳುವ ಹಾಗೆ ಶಪಿಸುತ್ತಿದ್ದಳು. ಹಾಗೆ ಬೈಸಿಕೊಂಡವನೊಬ್ಬ ಕೊಳತ್ತೂರು ರಸ್ತೆಯಲ್ಲಿ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಆಗ ಅದನ್ನು ಯಾರೂ ಮಾತಾಗಿ ಎತ್ತಿರಲಿಲ್ಲ. ಆಮೇಲೆ ಎತ್ತಿದರು.

ನಾನು ಮದುವೆಯಾಗಿ ಮೆಟ್ಟೂರಿಗೆ ಬಂದೆ. ಗಂಡನಿಗೆ ಅಲ್ಲೇ ಕಂಟ್ರಾಕ್ಟ್ ಕೆಲಸ, ನಾನು ಮನೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದೆ. ಒಂದು ವರ್ಷ ಮಳೆ ನಿಂತ ಮೇಲೆ ಊರಿನ ಕುರಿಗಳಿಗೆ ಬಾಯಿ ಊದಿಕೊಳ್ಳುವ ಕಾಯಿಲೆ ಬಂತು. ಡಾಕ್ಟರು ಬಂದು ಸೂಜಿ ಹಾಕಿದರು. ಆದರೂ ಬಹಳ ಸತ್ತವು. ದೊಡ್ಡವ್ವನ ಕುರಿಗಳೂ ಸತ್ತವು, ಆದರೆ ಅಣ್ಣನವು ಹೆಚ್ಚು ಸತ್ತವು. ಅದರ ಹಿಂದೆಯೇ ಪ್ಲಸ್ ಟೂ ಓದುತ್ತಿದ್ದ ಅಣ್ಣನ ಮಗಳಿಗೆ ಮೂರ್ಛೆ ಶುರುವಾಯಿತು. ನಿಂತಲ್ಲೇ ಬೀಳುವಳು, ಹಲ್ಲು ಕಚ್ಚುವಳು, ಕೈಕಾಲು ಸೆಟೆದುಕೊಳ್ಳುವಳು. ಮೆಟ್ಟೂರಿನ ಆಸ್ಪತ್ರೆಗೆ ನಾನೇ ಜೊತೆಗೆ ಹೋದೆ. ಸ್ಕ್ಯಾನ್ ಮಾಡಿ ನೋಡಿ, ತಲೆಯಲ್ಲಿ ಏನೂ ಇಲ್ಲ, ಮನಸ್ಸಿನ ಡಾಕ್ಟರಿಗೆ ತೋರಿಸಿ ಎಂದರು.

ಅತ್ತಿಗೆಗೆ ಸಿಟ್ಟು ಬಂತು. ‘ನನ್ ಮಗ್ಳೇನ್ ಉಚ್ಚಿಯಾ? ಓದೋ ಉಡುಗಿ,’ ಎಂದಳು. ಅವಳ ತವರು ಅದಿಯಮಾನ್‌ಕೋಟೆಯ ಹತ್ತಿರ. ಅಲ್ಲಿ ಕಣಿ ಹೇಳುವವನೊಬ್ಬನಿದ್ದಾನೆ, ಅವನ ಮಾತು ಸುಳ್ಳಾಗುವುದಿಲ್ಲ ಎಂದು ಆಸ್ಪತ್ರೆಯಿಂದಲೇ ಧರ್ಮಪುರಿ ಬಸ್ಸು ಹತ್ತಿಸಿದಳು. ನಾನೂ ಹೋದೆ. ಅವನು ಮೊದಲು ಎಲ್ಲವನ್ನೂ ಕೇಳಿಕೊಂಡ. ಕುರಿ ಸತ್ತದ್ದು, ಹುಡುಗಿ ಬಿದ್ದದ್ದು, ಮನೆಯಲ್ಲಿ ಯಾರ್‍ಯಾರಿದ್ದಾರೆ, ಬೇರೆ ಒಲೆ ಹೂಡಿದವರು ಯಾರು, ಎಲ್ಲವನ್ನೂ ಅತ್ತಿಗೆ ಹೇಳಿದಳು. ಆಮೇಲೆ ಉಡುಕ್ಕೆ ಎಂಬ ಪುಟ್ಟ ಕೈವಾದ್ಯ ಬಡಿದು, ಅವಳು ಹೇಳಿದ್ದನ್ನೇ ತಮಿಳಿನಲ್ಲಿ ಸುತ್ತಿ ಅವಳಿಗೇ ಕೊಟ್ಟ. ಮನೆಯ ಅನ್ನ ತಿಂದವಳು, ಮಡಿಲಲ್ಲಿ ಮಕ್ಕಳಿಲ್ಲದವಳು, ನಿಮ್ಮ ಮನೆಗೆ ಸೂನಿಯಂ, ಅಂದರೆ ಮಾಟ, ಇಟ್ಟಿದ್ದಾಳೆ ಎಂದ.

ತಿರುಗಿ ಬರುವ ಬಸ್ಸಿನಲ್ಲಿ ಹುಡುಗಿ ಕಿಟಕಿಗೆ ಹಣೆ ಕೊಟ್ಟು ಕೂತಿದ್ದಳು. ನಾನು ‘ಇದೆಲ್ಲ ನಂಬ್ಬೇಡ ಅತ್ಗೆ’ ಎಂದೆ. ‘ನಿನ್ ಮಗ್ಳಿಗೆ ಬಂದಿದ್ರೆ ಇಂಗೇ ಏಳ್ತಿದ್ಯಾ?’ ಎಂದು ಕೇಳಿದಳು.

ಮುಂದಿನ ಶುಕ್ರವಾರ ಬೆಳಿಗ್ಗೆ ಊರಿನ ಅಮ್ಮನ ಗುಡಿಗೆ ಹುಡುಗಿಯನ್ನು ಕರೆತಂದರು. ಅಣ್ಣ ಫೋನ್ ಮಾಡಿದ್ದರಿಂದ ನಾನೂ ಬಂದಿದ್ದೆ. ಪೂಜಾರಿ ಮುಖಕ್ಕೆ ತೀರ್ಥ ಎರಚಿದ. ಹುಡುಗಿ ಜಡೆ ಬಿಚ್ಚಿಕೊಂಡು ತೂಗಾಡತೊಡಗಿದಳು.

‘ಯಾರು? ಯಾರು ಅಂತ ಏಳು,’ ಎಂದ ಪೂಜಾರಿ.

‘ಅಜ್ಜಿ,’ ಎಂದಳು. ‘ವಲದ ಅಜ್ಜಿ. ಎದೆ ಮೇಲ್ ಬಂದ್ ಕೂರ್ತಾಳೆ. ಕುರಿಗೂ ಅವ್ಳೇ ಮಾಡಿದ್ದು.’

ಕೂತವರೆಲ್ಲ ಎದ್ದರು. ಹೊಲದಲ್ಲಿದ್ದ ದೊಡ್ಡವ್ವನನ್ನು ಕರೆತರಲು ಅಣ್ಣನೇ ಹೋದ. ಕೈಯಲ್ಲಿ ಕುರಿಯ ಕೋಲು ಹಿಡಿದೇ ಅವಳು ಬಂದಳು. ಹುಡುಗಿಗೆ ಏನೋ ಆಗಿದೆ ಎಂದಷ್ಟೇ ಅವನು ಹೇಳಿದ್ದನಂತೆ. ಬಂದವಳು ನೇರ ಅವಳ ಹತ್ತಿರ ಹೋಗಿ ಹಣೆ ಮುಟ್ಟಲು ಕೈ ಚಾಚಿದಳು. ಅತ್ತಿಗೆ ಆ ಕೈಯನ್ನು ಹೊಡೆದು ತಳ್ಳಿದಳು.

ಊರಗೌಡ ವಿಷಯ ಹೇಳಿದ. ದೊಡ್ಡವ್ವ ಹುಡುಗಿಯ ಮುಖವನ್ನೇ ನೋಡಿದಳು. ಹುಡುಗಿ ಕಣ್ಣು ತೆರೆಯಲಿಲ್ಲ.

‘ನಾನ್ ಮಾಡಿಲ್ಲ,’ ಎಂದಳು ದೊಡ್ಡವ್ವ.

‘ಮಾಡಿಲ್ಲ ಅಂದ್ರೆ ಉಡುಗಿ ಯಾಕ್ ನಿನ್ ಎಸ್ರು ಏಳ್ತಾಳೆ?’ ಎಂದ ಗೌಡ.

ಅವಳು ಹುಡುಗಿಯಿಂದ ಕಣ್ಣು ತೆಗೆದಳು. ‘ಅದು ನಂಗೊತ್ತಿಲ್ಲ,’ ಎಂದಳು.

‘ಅಂಗಾರೆ ಕರ್ಪೂರ ಇಡ್ಕಂಡ್ ಸತ್ಯ ಮಾಡು. ತಪ್ಪಿಲ್ಲ ಅಂದ್ರೆ ಅಮ್ಮ ಕಾಯ್ತಾಳೆ.’

ನಾನು ನಡುವೆ ನುಗ್ಗಿದೆ. ‘ಅಣ್ಣ, ನಿಂಗೆ ಅನ್ನ ಕಲಸಿಕ್ಕಿದ್ ಕೈ ಅದು,’ ಎಂದೆ. ಅತ್ತಿಗೆಯ ತಮ್ಮಂದಿರಿಬ್ಬರು ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು. ಅಣ್ಣ ನನ್ನ ಕಡೆ ನೋಡಲಿಲ್ಲ.

ದೊಡ್ಡವ್ವ ಕೋಲನ್ನು ಕೆಳಗಿಟ್ಟು ಬಲಗೈ ಚಾಚಿದಳು. ಅಂಗೈ ಮೇಲೆ ಒಂದು ಹಿಡಿ ಕರ್ಪೂರ ಸುರಿದು ಹಚ್ಚಿದರು. ಆಣೆ ಮಾಡುವವರು ಒಂದು ಬಿಲ್ಲೆ ಹಚ್ಚಿ, ಮಾತು ಹೇಳಿ, ತಟ್ಟನೆ ಕೆಳಗೆ ಹಾಕುವುದು ನಮ್ಮ ಕಡೆಯ ಪದ್ಧತಿ. ಅವಳಿಗೆ ಹಾಗೆ ಹಾಕಲು ಬಿಡಲಿಲ್ಲ. ಪೂಜಾರಿ ಅವಳ ಮಣಿಕಟ್ಟು ಹಿಡಿದಿದ್ದ. ಅವಳು ಕೂಗಲಿಲ್ಲ. ಚರ್ಮ ಸುಟ್ಟ ವಾಸನೆ ನನ್ನವರೆಗೂ ಬಂತು.

ಬೆಂಕಿ ಆರಿದಾಗ ಹೆಂಗಸೊಬ್ಬಳು ಹೇಳಿದಳು, ‘ನೋಡ್ರಿ, ಒಂದ್ ತೊಟ್ಟು ಕಣ್ಣೀರ್ ಬರ್ನಿಲ್ಲ. ಮಾಟ ಮಾಡೋರ್ಗೆ ಕಣ್ಣೀರ್ ಬರಲ್ಲ.’

ಇನ್ನೊಬ್ಬ ಅಂಗೈ ತಿರುಗಿಸಿ ತೋರಿಸಿದ. ‘ಕೈ ಬೆಂದೈತೆ. ಅಮ್ಮ ಕಾಯ್ನಿಲ್ಲ.’

ಅತ್ತರೆ ತಪ್ಪು ಒಪ್ಪಿಕೊಂಡಳು ಎನ್ನುತ್ತಿದ್ದರು. ಕೈ ಬೇಯದಿದ್ದರೆ ಅದೂ ಮಾಟವೇ ಎನ್ನುತ್ತಿದ್ದರು. ಅಲ್ಲಿ ನಿಂತ ಹೆಂಗಸರಲ್ಲಿ ಅರ್ಧ ಜನ ಬಸುರಿ ಬಾಣಂತಿಯರಾಗಿದ್ದಾಗ ಅವಳ ಕೈಯಲ್ಲಿ ನೀರು ಹಾಕಿಸಿಕೊಂಡವರು.

ಅಷ್ಟರಲ್ಲಿ ಗುಡಿಸಲು ಜಾಲಾಡಿದವರು ಒಂದು ಬಟ್ಟೆಯ ಗಂಟು ತಂದರು. ಒಳಗೆ ಕೂದಲಿನ ಉಂಡೆಗಳಿದ್ದವು. ತಲೆ ಬಾಚಿದಾಗ ಉದುರಿದ ಕೂದಲನ್ನು ಸುತ್ತಿ ಗೋಡೆಯ ಸಂದಿಯಲ್ಲಿಟ್ಟು, ಕೂದಲು ಕೊಳ್ಳುವ ಸೈಕಲ್ಲಿನವನು ಬಂದಾಗ ಕೊಟ್ಟು ಪಾತ್ರೆ ತೆಗೆದುಕೊಳ್ಳದ ಹೆಂಗಸು ನಮ್ಮೂರಿನಲ್ಲಿಲ್ಲ. ಅತ್ತಿಗೆಯ ಮನೆಯ ಗೋಡೆಯಲ್ಲೂ ಅಂಥದೇ ಉಂಡೆ ಇತ್ತು. ಆದರೂ ಅವಳು ಒಂದನ್ನು ಎತ್ತಿ, ‘ಇದ್ ನನ್ ಮಗ್ಳ ಕೂದ್ಲು,’ ಎಂದು ನೆಲಕ್ಕೆ ಕೂತುಬಿಟ್ಟಳು. ಅವಳು ನಾಟಕ ಮಾಡಲಿಲ್ಲ ಎಂದು ನನಗೆ ಗೊತ್ತು. ನಿಜವಾಗಿಯೂ ನಂಬಿದ್ದಳು.

ಮಾಟಗಾತಿಯ ಶಕ್ತಿ ಕೂದಲಿನಲ್ಲಿರುತ್ತದೆ, ಕತ್ತರಿಸಬೇಕು ಎಂದರು. ಊರಿನ ಕ್ಷೌರದವನು, ಇದು ನನ್ನ ಕೆಲಸವಲ್ಲ ಎಂದು ಹೊರಟುಹೋದ. ಆ ದಿನ ಆ ಗುಂಪಿನಿಂದ ಎದ್ದು ಹೋದವನು ಅವನೊಬ್ಬನೇ. ಯಾರದೋ ಮನೆಯಿಂದ ಕತ್ತರಿ ಬಂತು. ಅಣ್ಣ ತೆಗೆದುಕೊಂಡ.

‘ನೀನೇನಾ?’ ಎಂದು ಕೇಳಿದಳು ದೊಡ್ಡವ್ವ. ಅವನು ಅವಳ ತಲೆಯನ್ನು ಬಗ್ಗಿಸಿ ಹಿಡಿದ. ಕತ್ತರಿ ಮೊಂಡಾಗಿತ್ತು, ನೆತ್ತಿಯಲ್ಲಿ ರಕ್ತ ಬಂತು. ಹುಡುಗರು ಫೋನ್ ಎತ್ತಿ ಹಿಡಿದಿದ್ದರು. ಸಂಜೆಯೊಳಗೆ ಅದು ಕೊಳತ್ತೂರಿನ ಟೀ ಅಂಗಡಿಗಳಲ್ಲೆಲ್ಲ ಓಡಾಡಿತು. ನಾನು ಅವಳನ್ನು ಕರೆದುಕೊಂಡು ರಸ್ತೆಗೆ ಬಂದು ತಿರುಗಿ ನೋಡಿದಾಗ ಹೊಲದ ಮೂಲೆಯಿಂದ ಹೊಗೆ ಏಳುತ್ತಿತ್ತು.

ಅವಳ ಸೆರಗನ್ನೇ ತಲೆಗೆ ಸುತ್ತಿ ಪೊಲೀಸ್ ಸ್ಟೇಷನ್ನಿಗೆ ಕರೆದೊಯ್ದೆ. ಅಲ್ಲಿದ್ದವರು ಕೈಯನ್ನೂ ನೋಡಿದರು, ತಲೆಯನ್ನೂ ನೋಡಿದರು. ‘ಊರುಕ್ಕುಳ್ಳೇ ಪೇಸಿ ಮುಡಿಚ್ಚುಕ್ಕೋಂಗಮ್ಮಾ,’ ಎಂದರು. ಊರೊಳಗೇ ಮಾತಾಡಿ ಮುಗಿಸಿಕೊಳ್ಳಿ ಎಂದು. ಕೂದಲು ಕತ್ತರಿಸಿದವನು ನಿನ್ನ ಸ್ವಂತ ಅಣ್ಣನೇ ಅಲ್ಲವೇ, ಅವನ ಮೇಲೆ ಕೇಸು ಹಾಕುತ್ತೀಯಾ ಎಂದೂ ಕೇಳಿದರು. ನಾನು ಹಾಕುತ್ತೇನೆ ಎಂದೆ. ದೊಡ್ಡವ್ವ ನನ್ನ ಕೈ ಜಗ್ಗಿದಳು. ‘ಬ್ಯಾಡ ಮಗಾ. ಬಾ, ಓಗಾನ.’

ಅವತ್ತಿನಿಂದ ಅವಳು ಮೆಟ್ಟೂರಿನಲ್ಲಿ ನಮ್ಮ ಜೊತೆ ಉಳಿದಳು. ಕೈ ವಾಸಿಯಾಯಿತು, ಆದರೆ ಬೆರಳುಗಳು ಒಳಕ್ಕೆ ಮಡಚಿಕೊಂಡವು. ಮುದ್ದೆ ಮುರಿಯಲು ಆಗುತ್ತಿರಲಿಲ್ಲ. ನಾನು ಮುರಿದು ತಟ್ಟೆಗೆ ಹಾಕಿದರೆ ಎಡಗೈಯಲ್ಲಿ ತಿನ್ನಬೇಕಲ್ಲ ಎಂದು ಮುಖ ತಿರುಗಿಸುವಳು. ಚಮಚ ಕೊಟ್ಟರೆ ಬೈಯುವಳು. ಕೂದಲು ಮತ್ತೆ ಬೆಳೆದರೂ ಸೆರಗು ಮಾತ್ರ ತಲೆಯಿಂದ ಜಾರಲಿಲ್ಲ. ಕುರಿಗಳನ್ನು ಅಣ್ಣ ಮಾರಿದ ಸುದ್ದಿ ಬಂದ ದಿನ ಬೀದಿಯಲ್ಲಿ ನಿಂತು ಅವನನ್ನು ಹೆಸರು ಹಿಡಿದು ಶಪಿಸಿದಳು. ಪಕ್ಕದ ಮನೆಯವರು ಬಾಗಿಲು ಹಾಕಿಕೊಂಡರು. ಆ ವಿಡಿಯೋ ಅವರೂ ನೋಡಿದ್ದರು.

ಪರೀಕ್ಷೆ ಮುಗಿದ ಮೇಲೆ ಅಣ್ಣನ ಮಗಳು ಮನೆಬಿಟ್ಟು ಓಡಿಹೋದಳು. ಹುಡುಗ ಮಿಲ್ಲಿನಲ್ಲಿ ಕೆಲಸ ಮಾಡುವವನು, ಬೇರೆ ಜಾತಿ. ತಿರುಪ್ಪೂರಿಗೆ ಹೋಗುವ ದಾರಿಯಲ್ಲಿ ಇಬ್ಬರೂ ನಮ್ಮ ಮನೆಗೆ ಬಂದರು. ಹುಡುಗಿ ಬಾಗಿಲಲ್ಲೇ ನಿಂತಳು.

‘ಅತ್ತೆ, ಅಜ್ಜಿ ನಮ್ಮನ್ನ ನೋಡ್ಬುಟ್ಟಿತ್ತು. ಕೆರೆ ಏರಿ ಮೇಲೆ,’ ಎಂದಳು. ‘ಅಪ್ಪನ್ಗೆ ಏಳ್ಬುಡ್ತದೆ ಅಂತ ಬಯ. ಅದ್ಕೇ ಬೀಳ್ತಿದ್ದೆ, ಅಷ್ಟೇ. ಯಾರ್ ಯಾರ್ ಅಂತ ಕೇಳಿದ್ರಲ್ಲ, ಬಾಯಿಗ್ ಬಂದ್ ಎಸ್ರು ಅದೇ. ಅದ್ ಏಳಿದ್ರೂ ಇನ್ ಯಾರೂ ನಂಬಲ್ಲ ಅಂದ್ಕಂಡೆ.’

ಒಳಗೆ ಗೋಡೆಗೊರಗಿ ಕೂತಿದ್ದ ದೊಡ್ಡವ್ವ ಕೇಳಿಸಿಕೊಂಡಳು. ನಾನು ತಿರುಗಿ, ‘ನಿಂಗ್ ಗೊತ್ತಿತ್ತಾ ದೊಡ್ಡವ್ವ? ಗುಡೀಲಿ ಯಾಕ್ ಏಳ್ನಿಲ್ಲ?’ ಎಂದು ಕೇಳಿದೆ.

‘ಏಳಿದ್ರೆ ಅವ್ಳ್‌ದು ಬರೀ ಕೂದ್ಲು ಕತ್ತರಿಸ್ತಿದ್ರಾ?’ ಎಂದಳು. ‘ನಾನ್ ಮುದ್ಕಿ. ಇವಂದ್ ಜಾತಿ ಗೊತ್ತಾಗಿದ್ರೆ ಇಬ್ರುನೂ ಅದೇ ಏರಿ ಮೇಲ್ ಮಲಗಿಸ್ತಿದ್ರು.’

ಹುಡುಗಿ ಅವಳ ಕಾಲು ಹಿಡಿಯಲು ಬಗ್ಗಿದಳು. ದೊಡ್ಡವ್ವ ಕಾಲನ್ನು ಸೀರೆಯೊಳಕ್ಕೆ ಎಳೆದುಕೊಂಡಳು. ‘ಇವ್ರಿಗ್ ಉಣ್ಣಾಕಿಕ್ಕಿ ಕಳ್ಸು,’ ಎಂದು ನನಗೆ ಹೇಳಿದಳು. ಅವರು ಉಂಡು ಎದ್ದುಹೋಗುವವರೆಗೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಹುಡುಗಿ ಹೋಗುವಾಗ ಅಜ್ಜೀ ಎಂದು ಕರೆದಳು. ಇವಳು ಸೆರಗನ್ನು ತಲೆಯ ಮೇಲೆ ಇನ್ನಷ್ಟು ಎಳೆದುಕೊಂಡಳು.

ಅಣ್ಣನಿಗೆ ನಾನೇ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ನಿಜ ತಿಳಿದರೆ ಓಡಿಬಂದು ಅವಳ ಮುಂದೆ ಬೀಳುತ್ತಾನೆ ಎಂದುಕೊಂಡಿದ್ದೆ. ಅವನು ಪೂರ್ತಿ ಕೇಳಿಸಿಕೊಂಡು, ‘ನೋಡ್ದ್ಯಾ,’ ಎಂದ. ‘ಮಗಳ್ನ ಆ ಜಾತಿಯವನ್ ಇಂದೆ ಓಡ್ಸಿದ್ದೂ ಅವ್ಳ್ ಮಾಟನೇ. ನಿನ್ ಮನೇಗೇ ಬಂದ್ರಂತಲ್ಲ, ಇನ್ನೇನ್ ಬೇಕು?’ ಊರಿನವರೂ ಅದನ್ನೇ ಹೇಳಿದರು.

ಎರಡು ಬೇಸಿಗೆ ಕಳೆದ ಮೇಲೆ ದೊಡ್ಡವ್ವ ಜ್ವರ ಹಿಡಿದು ಸತ್ತಳು. ಹೊಲದಲ್ಲಿ, ನಮ್ಮವ್ವನ ಪಕ್ಕ ಮಣ್ಣು ಮಾಡಬೇಕೆಂದು ಅವಳ ಆಸೆ. ಆ ಹೆಣ ಊರ ಗಡಿ ದಾಟಬಾರದು ಎಂದು ಊರಗೌಡ ಹೇಳಿಕಳಿಸಿದ. ಮೆಟ್ಟೂರಿನ ಸುಡುಗಾಡಿನಲ್ಲೇ ಗುಂಡಿ ತೋಡಿಸಿದೆವು.

ಅಣ್ಣ ಬಂದ. ದೂರದಲ್ಲಿ ಅವನನ್ನು ಕಂಡು, ಕೊನೆಗಾದರೂ ಬಂದನಲ್ಲ ಎಂದು ದಾರಿ ಬಿಟ್ಟು ನಿಂತೆ. ಅವನು ಗುಂಡಿಯ ಹತ್ತಿರ ಹೋಗಿ, ಅಂಗಿಯ ಜೇಬಿನಿಂದ ಕಬ್ಬಿಣದ ಉದ್ದನೆಯ ಮೊಳೆ ತೆಗೆದು ನನ್ನ ಗಂಡನಿಗೆ ಕೊಟ್ಟ. ‘ಮಣ್ ಎಳೆಯೋಕ್ ಮುಂಚೆ ತಲೆ ತಾವ ಒಡ್ದ್ ಬುಡಿ ಬಾವ. ಎದ್ ಬರಬಾರ್ದು,’ ಎಂದ.

ನಾನು ಆ ಮೊಳೆಯನ್ನು ಕಿತ್ತುಕೊಂಡು ಜಾಲಿಯ ಪೊದೆಗೆ ಎಸೆದೆ. ‘ಓಗು,’ ಎಂದೆ. ಅವನು ಪೊದೆಯ ಕಡೆಗೊಮ್ಮೆ ನೋಡಿದ, ಹುಡುಕಬೇಕೋ ಬೇಡವೋ ಎನ್ನುವವನ ಹಾಗೆ. ಆಮೇಲೆ ಹಿಡಿ ಮಣ್ಣೂ ಹಾಕದೆ ಬಸ್ ಸ್ಟಾಂಡಿನ ಕಡೆ ನಡೆದ. ನಾವು ಮಣ್ಣೆಳೆದು ಮುಗಿಸಿದೆವು.