ಎರಡನೇ ಬೋರು

ಕಂಪನಿಯ ಯಜಮಾನ ಹಣ ಎತ್ತಿಕೊಂಡು ಓಡಿಹೋಗಬಹುದಿತ್ತು. ಬೆಂಗಳೂರಿನ ಬ್ರೋಕರು ಫೋನ್ ಸ್ವಿಚ್ ಆಫ್ ಮಾಡಿ ಕೂರಬಹುದಿತ್ತು. ಆಸ್ಟ್ರೇಲಿಯಾಕ್ಕೆ ಹೋಗಬೇಕಾದ ದುಡ್ಡು ಹಿಂದೂಪುರದ ಬ್ಯಾಂಕಿನಲ್ಲಿ ಯಾರೋ ತಪ್ಪು ಗುಂಡಿ ಒತ್ತಿದ್ದಕ್ಕೆ ಆಸ್ಟ್ರಿಯಾಕ್ಕೆ ಹೋಗಬಹುದಿತ್ತು. ಇಂಡೋನೇಷ್ಯಾದ ಅಗ್ಗದ ನಿಕಲ್ ನಾವು ಷೇರು ಕೊಂಡ ಕಂಪನಿಯನ್ನೂ ಮುಳುಗಿಸಬಹುದಿತ್ತು. ಬ್ಯಾಟರಿ ಕಾರು ಮಾಡುವವರು ನಿಕಲ್ಲೇ ಬೇಡ ಅನ್ನಬಹುದಿತ್ತು. ತೆರಿಗೆಯವರು ನನ್ನ ಹುಣಿಸೆಹಣ್ಣಿನ ಮಂಡಿಗೆ ಬಂದು, ಮೂಟೆಯ ಮೇಲೆ ಕೂತು, "ಪರದೇಶದಲ್ಲಿ ಗಣಿ ಇಟ್ಟಿದ್ದೀರಂತೆ?" ಎಂದು ಕೇಳಬಹುದಿತ್ತು. ಎಲ್ಲಕ್ಕಿಂತ ಸುಲಭವಾಗಿ, ಕೊರೆದಲ್ಲಿ ಬರೀ ಕಲ್ಲು ಸಿಗಬಹುದಿತ್ತು.

ಇವೆಲ್ಲಕ್ಕೂ ನಾನು ಸರದಿಯ ಮೇಲೆ ಹೆದರಿದ್ದೆ. ಹುಣಿಸೆಹಣ್ಣಿನ ವ್ಯಾಪಾರದವನಿಗೆ ಹೆದರಿಕೆ ಕಲಿಸಿಕೊಡಬೇಕಾಗಿಲ್ಲ. ಹಣ್ಣಿಗೆ ತೇವ ತಗಲಿ ಕಪ್ಪಾದೀತೆಂದು ಒಂದು ತುಂಡು ಮೋಡಕ್ಕೂ ಎದ್ದು ನಿಲ್ಲುವ ಜಾತಿ ನಮ್ಮದು. ಆದರೆ ಆ ಸಲ ಹೆದರಿದ್ದು ನನ್ನ ದುಡ್ಡಿಗಲ್ಲ, ಭಾವನ ಎದೆಗೆ.

ನಮ್ಮ ಅಕ್ಕನನ್ನು ಕಲ್ಯಾಣದುರ್ಗಕ್ಕೆ ಕೊಟ್ಟಿದೆ. ಭಾವ ಬೋರ್‌ವೆಲ್ ಲಾರಿ ಇಟ್ಟುಕೊಂಡಿದ್ದರು. ಸ್ವಂತ ಲಾರಿಯಾದರೂ ಯಂತ್ರದ ಪಕ್ಕದಲ್ಲಿ ತಾವೇ ನಿಂತು ಕೊರೆಸುವ ಮನುಷ್ಯ. ನೀರು ತಗಲುವ ತನಕ ಬೋರಿನ ಬಾಯಿಂದ ಏಳುವ ಕಲ್ಲಿನ ಹಿಟ್ಟೆಲ್ಲ ಅವರ ಮೂಗಿಗೇ. ಕೆಮ್ಮು ನಿಲ್ಲದೆ ಅನಂತಪುರಕ್ಕೆ ಕರೆದುಕೊಂಡು ಹೋದಾಗ ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದು, ಒಳಗೆ ಹೋದ ಧೂಳು ಈಚೆ ಬರುವುದಿಲ್ಲ, ಇನ್ನು ಮುಂದೆ ಹೋಗದ ಹಾಗೆ ನೋಡಿಕೊಳ್ಳಿ ಎಂದರು. ಭಾವ ಲಾರಿ ಮಾರಿದರು. ಬಸ್‌ಸ್ಟ್ಯಾಂಡಿನ ಹತ್ತಿರ ಮೋಟಾರು, ಪೈಪು ಮಾರುವ ಅಂಗಡಿಯೊಂದು ಮಾರಾಟಕ್ಕಿತ್ತು. ಲಾರಿಯ ದುಡ್ಡು ಅದಕ್ಕೆ ಸಾಲಲಿಲ್ಲ. ಅಂಗಡಿಯವನು ತೆಲುಗಿನಲ್ಲಿ, "ಉಗಾದಿ ದಾಕಾ ಆಗುತಾನನ್ನಾ, ಆ ತರ್ವಾತ ನಾ ಚೇತುಲೋ ಲೇದು" ಅಂದ. ಯುಗಾದಿಯವರೆಗೆ ಕಾಯುತ್ತೇನೆ, ಆಮೇಲೆ ನನ್ನ ಕೈಯಲ್ಲಿಲ್ಲ ಎಂದು.

ಆ ಹೊತ್ತಿಗೆ ನಾನು ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಫೋನು ಉಜ್ಜುತ್ತ ನಿಕಲ್ ಪಂಡಿತನಾಗಿದ್ದೆ. ಆಸ್ಟ್ರೇಲಿಯಾದಲ್ಲಿ ನಿಕಲ್ ಹುಡುಕುವ ಇವು ಸಣ್ಣ ಕಂಪನಿಗಳು. ಗಣಿ ಇರುವುದಿಲ್ಲ, ಗಣಿಯ ಆಸೆ ಇರುತ್ತದೆ. ಮರಳುಗಾಡಿನಲ್ಲಿ ಕೊರೆಯುತ್ತ ಹೋಗುತ್ತಾರೆ, ಏನಾದರೂ ಸಿಕ್ಕಿತೆಂದು ಪ್ರಕಟಿಸಿದ ದಿನ ಷೇರು ಹಾರುತ್ತದೆ. ಭಾವನಿಗೆ ಇದನ್ನು ಹೇಳಿದಾಗ ಅವರು ಸೋಜಿಗಪಡಲೇ ಇಲ್ಲ. ತಮ್ಮ ಕಸುಬನ್ನು ಬೇರೆ ದೇಶದವರು ಮಾಡುತ್ತಿದ್ದಾರೆ, ಅಷ್ಟೆ.

ಒಂದು ಕಂಪನಿಯ ಮೊದಲ ಫಲಿತಾಂಶ ಬಂದಾಗ ನಾನೇ ಕನ್ನಡ ಮಾಡಿ ಓದಿ ಹೇಳಿದೆ.

"ಪಾಯಿಂಟು ತೋರಿಸಿದ್ದು ಯಾರಂತೆ?" ಎಂದರು.

"ಭೂವಿಜ್ಞಾನಿ ಭಾವ."

"ತೆಂಗಿನಕಾಯಿ ಹಿಡ್ಕೊಂಡು ನೋಡೋನಾ?"

"ಅಲ್ಲ, ಮಿಷನ್ ಇಟ್ಕೊಂಡು."

"ಸರಿ ಬುಡು. ಎಷ್ಟಕ್ಕೆ ತಗಲೈತೆ?"

"ಮುನ್ನೂರು ಮೀಟರಿಗೆ."

"ಸಾವ್ರ ಅಡಿ ಅಂತಿಟ್ಕೋ. ನಮ್ ಬ್ರಹ್ಮಸಮುದ್ರಕ್ಕಿಂತ ವಾಸಿ ಕಣಪ್ಪ. ಕೇಸಿಂಗ್ ಪೈಪು ಎಷ್ಟು ಇಳಿಸವ್ರೆ?"

"ಅದೆಲ್ಲ ಬರೆದಿಲ್ಲ ಭಾವ."

"ಬರೀದೆ ಬಿಲ್ಲೆಂಗ್ ಮಾಡ್ತಾರ್ಲಾ!"

ನಕ್ಕರು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲುವವರೆಗೆ ನಾನು ಫೋನು ನೋಡುತ್ತಿರುವಂತೆ ಕೂತೆ. ಆ ವಾರ ಲಾರಿಯ ದುಡ್ಡೆಲ್ಲ ಹೋಗಿ ಷೇರಾಯಿತು. ಬೆಲೆ ಮೆಲ್ಲಗೆ ಏರುತ್ತಿತ್ತು. ಅಕ್ಕ ಅಂಗಡಿಗೆ ಯಾವ ಬಣ್ಣ ಹೊಡೆಸುವುದೆಂದು ಕೇಳತೊಡಗಿದಳು.

ಆಮೇಲೆ ಕಂಪನಿಯಿಂದ ಇನ್ನೊಂದು ಸುದ್ದಿ. ಹೊಸ ಷೇರು ಮಾರಿ ಹಣ ಎತ್ತಿದ್ದೇವೆ, ಮೊದಲ ಬೋರಿನ ಸುತ್ತಲೇ ಇನ್ನೂ ನಾಲ್ಕು ಕೊರೆಯುತ್ತೇವೆ ಎಂದು. ಬೆಲೆ ನಾವು ಕೊಂಡದ್ದಕ್ಕಿಂತ ತುಸು ಕೆಳಗೆ ಜಾರಿತು. ಭಾವನಿಗೆ ಫೋನಿನಲ್ಲಿ ಓದಿ ಹೇಳಿದೆ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಭಾವ ಹಿಂದೂಪುರಕ್ಕೆ ಬಂದರು. ಚೀಲವನ್ನೂ ಇಳಿಸದೆ ಹೇಳಿದರು:

"ಮಾರ್ಬುಡು."

"ಯಾಕ್ ಭಾವ? ನಿಕಲ್ ಎಷ್ಟು ಅಗಲಕ್ಕೆ ಹರಡೈತೆ ಅಂತ ತಿಳ್ಕೊಳೋಕೆ ಸುತ್ತ ಕೊರೀತಾರಂತೆ. ಅವ್ರೇ ಬರ್ದವ್ರೆ."

"ಬರೀತಾರೆ. ನಾನೂ ಹಂಗೇ ಹೇಳ್ತಿದ್ನಲ್ಲ, ಬೋರು ಬತ್ತಿಹೋದೋರ ಮನೇಲಿ. ಅದೂ ಚೆನ್ನಾಗೈತೆ ಸ್ವಾಮಿ, ಪಕ್ಕದಾಗೆ ಇನ್ನೊಂದು ಹಾಕ್ಸಿ, ಎರಡೂ ಸೇರಿ ನೀರು ಜೋರಾಗಿ ಬರ್ತದೆ ಅಂತ. ಒಂದ್ರಲ್ಲಿ ನೀರಿರೋನು ಪಕ್ಕದಾಗೆ ಇನ್ನೊಂದು ಹಾಕ್ಸೋಕೆ ಲಾರಿ ಕರೀತಾನೇನಪ್ಪ? ಅದೂ ಊರೋರತ್ರ ದುಡ್ಡೆತ್ತಿ?"

ಈ ಸೀಮೆಯಲ್ಲಿ ಹೊಲದ ಬೋರಿನ ಪಕ್ಕಕ್ಕೇ ಲಾರಿ ಬಂದು ನಿಂತಿತೆಂದರೆ ದಾರಿಯಲ್ಲಿ ಹೋಗುವವರು ಕೂಡ ಲೊಚಗುಟ್ಟುತ್ತಾರೆ. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಸಮಾಧಾನವೂ ಆಯಿತು. ತಿಂಗಳುಗಟ್ಟಲೆ ಮುಖವಿಲ್ಲದೆ ಸುತ್ತುತ್ತಿದ್ದ ಭಯಕ್ಕೆ ಕೊನೆಗೊಂದು ಮುಖ ಸಿಕ್ಕಿತ್ತು. ಅವರೆದುರೇ ಮಾರಿದೆ. ಕೊಂಡ ಬೆಲೆಗಿಂತ ಕಡಿಮೆಗೆ. ಹಣ ಹೋಗುವಾಗಿನ ಖರ್ಚು, ಬರುವಾಗಿನ ಖರ್ಚು ಬೇರೆ.

ನಾಲ್ಕು ಬೋರಿನ ಫಲಿತಾಂಶ ಯುಗಾದಿಗೆ ಮುಂಚೆಯೇ ಬಂತು. ಷೇರು ನಾವು ಮಾರಿದ್ದರ ಎಷ್ಟೋ ಪಟ್ಟಾಗಿತ್ತು. ಹೇಳದೆ ಇರೋಣವೆಂದುಕೊಂಡೆ, ಆದರೆ ಭಾವನೇ ಫೋನ್ ಮಾಡಿ ಕೇಳಿದರು.

"ಎಲ್ಲಾದ್ರಲ್ಲೂ ಸಿಕ್ತಾ?"

"ಎಲ್ಲಾದ್ರಲ್ಲೂ ಭಾವ."

"ನಾಕಕ್ಕೆ ನಾಕೂ ಬಿದ್ದಿದ್ದು ನಾನ್ ಕಂಡೇ ಇಲ್ಲ ಕಣಪ್ಪ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಕಸುಬುದಾರ ಇನ್ನೊಬ್ಬ ಕಸುಬುದಾರನ ಬಗ್ಗೆ ಆಡುವ ಮಾತಿನಂತೆ ಇತ್ತು. ಅದನ್ನು ಕೇಳುವುದಕ್ಕಿಂತ ಬೈಸಿಕೊಳ್ಳುವುದು ಮೇಲಿತ್ತು.

ಅಂಗಡಿ ಗೋರಂಟ್ಲದ ಯಾರಿಗೋ ಹೋಯಿತು. ಭಾವ ಈಗ ಬೇರೆಯವರ ಲಾರಿಗೆ ಕೂಲಿಯ ಮೇಲೆ ಹೋಗುತ್ತಾರೆ. ಹೋದ ತಿಂಗಳು ನಾನು, ಅಕ್ಕ ಬ್ರಹ್ಮಸಮುದ್ರದ ಹತ್ತಿರದ ಒಂದು ಹೊಲಕ್ಕೆ ಅವರಿಗೆ ಊಟ ತೆಗೆದುಕೊಂಡು ಹೋದೆವು. ಇನ್ನೂ ನೀರು ತಗಲಿರಲಿಲ್ಲ. ಬಿಳಿ ಹಿಟ್ಟಿನ ಮೋಡದ ನಡುವೆ, ಒದ್ದೆ ಟವೆಲ್ಲನ್ನು ಮೂಗಿಗೆ ಸುತ್ತಿಕೊಂಡು, ಹುಬ್ಬು ರೆಪ್ಪೆಗಳೆಲ್ಲ ಬಿಳುಪಾದ ಒಬ್ಬರು ನಮ್ಮತ್ತ ಕೈ ಎತ್ತಿದರು. ಕೈ ಎತ್ತಿದ್ದರಿಂದ ಅವರೆಂದು ಗೊತ್ತಾಯಿತು.

ಯಂತ್ರದ ಸದ್ದಿಗೆ ಅಕ್ಕ ನನ್ನ ಕಿವಿಯ ಹತ್ತಿರ ಬಂದು ಕೂಗಿದಳು: "ಆ ಕಂಪ್ನಿಯೋರು ಮೋಸಗಾರ್ರಾ?"

"ಇಲ್ಲಕ್ಕ, ಒಳ್ಳೇವ್ರು."

"ಮತ್ತೆ ಎಲ್ಲಿ ತಪ್ತು?"

"ಪಕ್ಕದಾಗೆ ಇನ್ನೊಂದು ಬೋರ್ ಹಾಕಿದ್ರು. ಅಷ್ಟೇ."