ನಡುವನ್ನಷ್ಟೇ ಸಾರಿಸಿದ ಅಂಗಳ

ಶಿಗ್ಗಾಂವದ ಆ ಮದುವೆಯ ಅಂಗಳದಲ್ಲಿ ನಡೆದದ್ದರ ಫಲವನ್ನು ಉಂಡವರು ಇಬ್ಬರೇ: ವಿಧವೆಯಾಗಿದ್ದ ನನ್ನ ಅಕ್ಕ, ಮತ್ತು ಎಲ್ಲರೆದುರು ನಿಜ ಹೇಳಿದ ಒಬ್ಬ ಬಳೆಗಾರ್ತಿ. ತಪ್ಪು ಮಾಡಿದವರಿಗೆ ಏನೂ ಆಗಲಿಲ್ಲ. ಅವರು ಅಂದು ಮಧ್ಯಾಹ್ನ ಪಂಕ್ತಿಯಲ್ಲಿ ಕುಳಿತು ಹೋಳಿಗೆ ಉಂಡರು. ಮುಂದೆ ಮಹಿಳೆಯರ ಸಂಘ ಕಟ್ಟಿದರು, ಹಾರ ಹಾಕಿಸಿಕೊಂಡರು. ಇದನ್ನು ನಾನು ಮೊದಲೇ ಹೇಳಿಬಿಡುವುದು, ಓದುತ್ತ ಓದುತ್ತ ಯಾರೂ ಇದನ್ನು ವಿಧಿಯ ಆಟವೆಂದು ತಿಳಿಯಬಾರದೆಂದು. ಇದು ವಿಧಿಯಲ್ಲ, ಮನುಷ್ಯರು, ಹಗಲಿನಲ್ಲಿ, ತಿಳಿದೇ ಮಾಡಿದ್ದು.

ನಮ್ಮ ಮನೆ ಹಾನಗಲ್ಲಿನ ಕೋಟೆಯ ಬದಿಯ ಓಣಿಯಲ್ಲಿತ್ತು. ಅಪ್ಪ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುತ್ತಿದ್ದರು. ತರ್ಕ ಓದಿದವರು, ಮಾತಿನಲ್ಲಿ ಉದಾರಿಗಳು. ಕಿರಿಯ ಮಗಳಾದ ನನ್ನನ್ನು ಧಾರವಾಡದ ಹೊಸ ರೀತಿಯ ಶಾಲೆಯೊಂದರ ವಸತಿಯಲ್ಲಿಟ್ಟು ಓದಿಸಿದರು. ಅಲ್ಲಿ ಹುಡುಗರೂ ಹುಡುಗಿಯರೂ ಸೇರಿ ಅಂಗಳ ಗುಡಿಸುತ್ತಿದ್ದೆವು, ಎಲ್ಲ ಜಾತಿಯವರೂ ಒಂದೇ ಸಾಲಿನಲ್ಲಿ ಉಣ್ಣುತ್ತಿದ್ದೆವು. ಅದೇ ಅಪ್ಪ, ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡನನ್ನು ಕಳೆದುಕೊಂಡು ಮರಳಿ ಬಂದ ಅಕ್ಕನಿಗೆ, ಬಾಗಿಲ ಮುಂದೆ ರಂಗೋಲಿ ಹಾಕಬಾರದೆಂಬ ಕಟ್ಟಳೆಯನ್ನು ಸಡಿಲಿಸಲಿಲ್ಲ. ಕೇಳಿದರೆ, ನಾನು ಮಾಡಿದ ನಿಯಮವಲ್ಲ ಎನ್ನುತ್ತಿದ್ದರು. ತಾನು ಮಾಡದ ನಿಯಮವನ್ನು ತನ್ನ ಮಗಳ ಮೇಲೆ ನಡೆಸುವುದು ತಪ್ಪು. ಅವರ ಮೇಲಿನ ಪ್ರೀತಿಯನ್ನು ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಊರಿನಲ್ಲಿ ಅಕ್ಕನಷ್ಟು ರಂಗೋಲಿ ಬಲ್ಲವರು ಇರಲಿಲ್ಲ. ರಜೆಗೆ ಬಂದಾಗ ಮುಂಜಾನೆಯ ರಂಗೋಲಿ ನನ್ನ ಪಾಲಿಗೆ ಬರುತ್ತಿತ್ತು. ನಾನು ಹೊರಗೆ ಕುಕ್ಕರುಗಾಲಿನಲ್ಲಿ ಕೂತು ಪುಡಿ ಬಿಡುತ್ತಿದ್ದೆ. ಅಕ್ಕ ಹೊಸ್ತಿಲ ಒಳಗೆ ನಿಂತು, ಬಾಗಿಲ ಚೌಕಟ್ಟನ್ನು ಹಿಡಿದು, ಎಲ್ಲಿ ಚುಕ್ಕಿ, ಎಲ್ಲಿ ತಿರುವು ಎಂದು ಹೇಳುತ್ತಿದ್ದಳು. ನನ್ನ ಗೆರೆ ಸೊಟ್ಟಗಾದರೆ ಅವಳ ಬೆರಳುಗಳು ಗಾಳಿಯಲ್ಲಿ ಅದನ್ನು ತಿದ್ದುತ್ತಿದ್ದವು. ತಾನೇ ಹಾಕುವ ಆಸೆಯಾದಾಗ ಹಿತ್ತಲ ಕೋಣೆಯಲ್ಲಿ ಮೊರದ ತುಂಬ ಜೋಳದ ಹಿಟ್ಟು ಹರವಿ ಉಗುರಿನಿಂದ ಗೀಚುತ್ತಿದ್ದಳು. ಮೊರ ಅಲುಗಿಸಿದರೆ ಎಲ್ಲ ಮಾಯ. ಆ ಹಿಟ್ಟಿನಿಂದಲೇ ಅಂದಿನ ರೊಟ್ಟಿ.

ಅವಳು ಕಂಡುಕೊಂಡಿದ್ದ ರಂಗೋಲಿ ಬೇರೆ ಬಗೆಯದು. ನಮ್ಮೂರ ಹಳೆಯ ಗುಡಿಯ ಶಿಖರವನ್ನು ನೋಡಿದವರಿಗೆ ಗೊತ್ತು: ದೊಡ್ಡ ಗೋಪುರದ ಮೈತುಂಬ ಅದೇ ಆಕಾರದ ಸಣ್ಣ ಗೋಪುರಗಳು, ಅವುಗಳ ಮೈಮೇಲೆ ಇನ್ನೂ ಸಣ್ಣವು. ಅಕ್ಕನ ರಂಗೋಲಿಯೂ ಹಾಗೆಯೇ. ನಡುವೆ ನಾಲ್ಕೆಸಳಿನ ಒಂದು ಹೂವು. ಅದರ ಪ್ರತಿ ಮೂಲೆಗೂ ಅದೇ ಹೂವು, ಅರ್ಧ ಅಳತೆಯಲ್ಲಿ. ಆ ಹೂವಿನ ಮೂಲೆಗೆ ಮತ್ತೆ ಅದೇ, ಮತ್ತೂ ಅರ್ಧದಲ್ಲಿ. ಚಿತ್ರವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಎಷ್ಟು ಚುಕ್ಕಿಯಿಂದ ತೊಡಗಬೇಕು, ಯಾವ ಚುಕ್ಕಿಯಲ್ಲಿ ಅರ್ಧವಾಗಬೇಕು, ಎಷ್ಟು ಸಲ ಮರಳಿ ಮಾಡಬೇಕು, ಇಷ್ಟು ತಿಳಿದರೆ ಸಾಕು. ಇವುಗಳಲ್ಲಿ ಒಂದನ್ನು ಬದಲಿಸಿದರೂ ಬೇರೆಯೇ ಹೂವು ಅರಳುತ್ತಿತ್ತು.

ಇದು ಹೊಸ್ತಿಲು ದಾಟಿ ಹೊರಗೆ ಹೋದದ್ದು ಬಳೆಗಾರ್ತಿಯಿಂದ. ಆಕೆ ಸವಣೂರಿನ ಮುಸಲ್ಮಾನರವಳು, ಅಕ್ಕನಿಗಿಂತ ತುಸು ಹಿರಿಯಳು. ಬಳೆಯ ಗಂಟು ಹೊತ್ತು ಸಂತೆಯಿಂದ ಸಂತೆಗೆ, ಮನೆಯಿಂದ ಮನೆಗೆ ತಿರುಗುತ್ತಿದ್ದಳು. ನಮ್ಮ ಪಡಸಾಲೆಯಲ್ಲಿ ಅವ್ವನಿಗೂ ನೆರೆಯವರಿಗೂ ಬಳೆ ತೊಡಿಸಿದ ಮೇಲೆ, ಬಳೆ ತೊಡಬಾರದ ಅಕ್ಕನಿದ್ದ ಹಿತ್ತಲಿಗೆ ನೀರು ಕುಡಿಯುವ ನೆಪದಲ್ಲಿ ಬರುತ್ತಿದ್ದಳು. ಒಮ್ಮೆ ಮೊರದಲ್ಲಿನ ಹೂವನ್ನು ನೋಡಿ, ಶಿಗ್ಗಾಂವದ ವಕೀಲರ ಹೆಂಡತಿಗೆ ಇಂಥದರ ಹುಚ್ಚು, ಹೇಗೆ ಒಯ್ಯಲಿ ಎಂದು ಕೇಳಿದಳು. ಅಕ್ಕ ಬಳೆ ಪೋಣಿಸಿ ಬರುವ ದಾರವನ್ನು ಕೇಳಿ ಪಡೆದು ಅದಕ್ಕೆ ಗಂಟು ಹಾಕಿದಳು. ಒಂಟಿ ಗಂಟು ಎಂದರೆ ಚುಕ್ಕಿ. ಜೋಡಿ ಗಂಟು ಬಂದಲ್ಲಿ ಅರ್ಧ. ತುದಿಯಲ್ಲಿ ಎಷ್ಟು ಕುಣಿಕೆಗಳೋ ಅಷ್ಟು ಸಲ ಮರಳಿ.

ಹೀಗೆ ದಾರಗಳು ಹೋಗತೊಡಗಿದವು, ಮರಳಿ ಬರತೊಡಗಿದವು. ಶಿಗ್ಗಾಂವದ ವಕೀಲರ ಹೆಂಡತಿ, ಸವಣೂರಿನ ಒಬ್ಬ ಮಾಸ್ತರರ ಸೊಸೆ, ಹಿರೇಕೆರೂರಿನ ಕಡೆಯ ಒಬ್ಬ ಒಕ್ಕಲಗಿತ್ತಿ; ಈ ಮೂವರು ಮತ್ತು ಅಕ್ಕ. ಒಬ್ಬರ ಮುಖವನ್ನೊಬ್ಬರು ಕಂಡಿರಲಿಲ್ಲ. ಬಂದ ದಾರವನ್ನು ಅಂಗಳದಲ್ಲಿ ಹಾಕಿ ನೋಡಿ, ತಮಗೆ ತೋಚಿದಂತೆ ಒಂದು ಗಂಟು ಬಿಚ್ಚಿಯೋ ಕಟ್ಟಿಯೋ ಮುಂದಿನ ಮನೆಗೆ ಕಳಿಸುತ್ತಿದ್ದರು. ದಾರದ ಜೊತೆ ಬಳೆಗಾರ್ತಿಯ ಬಾಯಲ್ಲಿ ಮಾತೂ ಬರುತ್ತಿತ್ತು. ಸವಣೂರಿನವಳದು ಚೇಷ್ಟೆಯ ನಾಲಗೆ. ಹಾನಗಲ್ಲದ ಹೂವಿಗೆ ಸೊಂಟ ದಪ್ಪಾತು, ಒಂದು ಚುಕ್ಕಿ ಮೊದಲೇ ಅರ್ಧ ಮಾಡಿ ಉಪವಾಸ ಹಾಕರಿ ಎಂದು ಹೇಳಿಕಳಿಸಿದ್ದಳು. ಅಕ್ಕ ಮೊರದಲ್ಲಿ ಹಾಗೆಯೇ ಹಾಕಿ ನೋಡಿದಳು. ಹೂವು ನಿಜಕ್ಕೂ ಹಗುರಾಗಿತ್ತು. ಅವಳು ಬಾಯಿಗೆ ಸೆರಗು ಮುಚ್ಚಿ ನಕ್ಕಳು. ನಮ್ಮ ಮನೆಯಲ್ಲಿ ಅವಳ ನಗೆ ಕೇಳಿ ಬಹಳ ಕಾಲವಾಗಿತ್ತು. ಹಿರೇಕೆರೂರಿನವಳು ಸುಗ್ಗಿಯಲ್ಲಿ ಕಣ ಸಾರಿಸಿ ರಾಶಿಯ ಸುತ್ತ ಹಾಕುತ್ತಿದ್ದಳಂತೆ. ಅವಳಿಗೆ ಜಾಗ ಹೆಚ್ಚು, ಹೀಗಾಗಿ ಅವಳ ದಾರ ಯಾವಾಗಲೂ ಒಂದು ಕುಣಿಕೆ ಹೆಚ್ಚಿಗೆ ಹೊತ್ತು ಬರುತ್ತಿತ್ತು.

ಹಾನಗಲ್ಲಿನ ಆ ಕೈ ವಿಧವೆಯದೆಂದು ಬಳೆಗಾರ್ತಿ ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಶಿಗ್ಗಾಂವದಿಂದ ದಾರವಲ್ಲ, ಕರೆ ಬಂತು. ವಕೀಲರ ಮಗಳ ಮದುವೆ. ಮನೆಯ ಮುಂದಿನ ದೊಡ್ಡ ಅಂಗಳದಲ್ಲಿ ಹಾನಗಲ್ಲಿನವರೇ ಬಂದು ತಮ್ಮ ಕೈಯಾರೆ ರಂಗೋಲಿ ಹಾಕಿಕೊಡಬೇಕು. ಅಕ್ಕ ಬಹಳ ಹೊತ್ತು ಬಾವಿಕಟ್ಟೆಯ ಮೇಲೆ ಕೂತಿದ್ದಳು. ಮೊರದಲ್ಲಲ್ಲ, ಹಿಟ್ಟಿನಲ್ಲಲ್ಲ, ಬಯಲಿನಲ್ಲಿ, ನೆಲದ ಮೇಲೆ, ಒಂದೇ ಒಂದು ಸಲ ತನ್ನ ಕೈಯಿಂದ ಹಾಕುವುದು: ಅವಳು ಬದುಕಿನಿಂದ ಬಯಸಿದ್ದು ಅಷ್ಟೇ ಎಂದು ನಾನು ಬಲ್ಲೆ. ಆದರೂ ಅವಳು ಸುಳ್ಳಿನ ಮೇಲೆ ಹೋಗಲೊಲ್ಲಳು. ಬಳೆಗಾರ್ತಿಯನ್ನು ಕರೆದು ಹೇಳಿದಳು:

"ನಾ ಎಂಥಾಕಿ ಅಂತ ಮೊದಲ ಅವರಿಗೆ ಹೇಳ್ರಿ. ಕೇಳಿದ ಮ್ಯಾಲೂ ಬಾ ಅಂದ್ರ ಬರ್ತೇನಿ."

ಬಳೆಗಾರ್ತಿ ಹೇಳಿದಳು. ಶಿಗ್ಗಾಂವದಿಂದ ಬಂದ ಉತ್ತರ: ಬರಲಿ, ಬೆಳಗಾಗುವುದರೊಳಗೆ ಹಾಕಿ ಒಳಗೆ ಹೋಗಲಿ, ಬೀಗರಿಗೆ ತಿಳಿಯುವುದಿಲ್ಲ. ಕೈ ಬೇಕು, ಮುಖ ಬೇಡ ಎಂಬ ಈ ಕರೆಯೂ ಒಂದು ಅಪಮಾನವೇ ಆಗಿತ್ತು. ಅಕ್ಕನಿಗೆ ಅದು ಕಾಣಲಿಲ್ಲ, ಅಥವಾ ಕಂಡರೂ ಕಾಣದಂತೆ ಇದ್ದಳು. ಅಪ್ಪ, ಮುಂದಾಗಿ ನಿಲ್ಲಬೇಡ ಎಂದಷ್ಟೇ ಹೇಳಿ ನನ್ನನ್ನು ಜೊತೆಗೆ ಕಳಿಸಿದರು.

ಅಂದಿನ ನಸುಕಿನಲ್ಲಿ ಅವಳು ಆ ಅಂಗಳಕ್ಕೆ ಇಳಿದದ್ದನ್ನು ನಾನು ಮರೆಯಲಾರೆ. ಸೆಗಣಿಯಿಂದ ಸಾರಿಸಿದ ನೆಲ ಇನ್ನೂ ತಂಪಾಗಿತ್ತು. ಮೊದಲ ಚಿಟಿಕೆಯನ್ನು ಹಿಡಿದು ಅವಳು ಸ್ವಲ್ಪ ತಡೆದಳು. ಆಮೇಲೆ ತಡೆಯಲಿಲ್ಲ. ನಾನು ಪುಡಿಯ ಬಟ್ಟಲು ಹಿಡಿದು ಹಿಂದೆ ಹಿಂದೆ ಸರಿಯುತ್ತಿದ್ದೆ. ನಡುವಿನ ಹೂವು ಎತ್ತಿನ ಗಾಡಿಯ ಗಾಲಿಗಿಂತ ದೊಡ್ಡದು. ಮೂಲೆಯ ಕೊನೆಯ ಹೂವುಗಳು ಅಂಗೈಯಷ್ಟು. ಬೆಳಕು ಹರಿದಾಗ ಅಂಗಳದ ತುಂಬ ಅದು ಹರಡಿಕೊಂಡಿತ್ತು. ಒಳಗೆ ಹೋಗಬೇಕಾಗಿದ್ದ ಅಕ್ಕ ಕೊನೆಯ ಮೂಲೆಯೊಂದನ್ನು ತೀಡುತ್ತ ಉಳಿದಿದ್ದಳು.

ಆಗ ಬೀಗರ ಕಡೆಯ ಹಿರಿಯ ಮುತ್ತೈದೆ, ವರನ ಸೋದರತ್ತೆ, ಹೊರಗೆ ಬಂದರು. ರಂಗೋಲಿಯ ಸುತ್ತ ಒಂದು ಸುತ್ತು ನಡೆದು ನೋಡಿದರು. ಮದುವೆಯ ಅಂಗಳಕ್ಕೆ ರಂಗೋಲಿ ಬರೆದವಳಿಗೆ ಅರಿಸಿನ ಕುಂಕುಮ ಕೊಟ್ಟು ಗೌರವಿಸುವುದು ನಮ್ಮಲ್ಲಿ ರೂಢಿ. ಅವರು ಸಂತೋಷದಿಂದ ಕುಂಕುಮದ ಭರಣಿ ತರಿಸಿ, ಬೆರಳನ್ನು ಅದ್ದಿ, ಬೆನ್ನು ತಿರುಗಿಸಿ ಕೂತಿದ್ದ ಅಕ್ಕನನ್ನು ಕರೆದರು.

"ಯಾರ್ದವಾ ಈ ಕೈ? ಇಲ್ಲೆ ಬಾ, ಕುಂಕುಮ ಹಚ್ತೇನಿ."

ಅಕ್ಕ ಎದ್ದು ನಿಂತಳು. ಸೆರಗು ಎಳೆದುಕೊಂಡಳು. "ನನಗ ಹಚ್ಚಬ್ಯಾಡ್ರಿ," ಅಂದಳು. "ಹಚ್ಚೂ ಹಂಗಿಲ್ಲ."

ಆ ಹಿರಿಯರು ಅವಳ ಬರಿಗೈಯನ್ನು ನೋಡಿದರು, ಹಣೆಯನ್ನು ನೋಡಿದರು. ಕುಂಕುಮ ಹಚ್ಚುತ್ತೇನೆಂದ ಬಾಯಿಯಿಂದಲೇ ಮುಂದೆ ಬಂದ ಮಾತುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಎಂಥವೆಂದು ನಮ್ಮ ಹೆಂಗಸರಿಗೆಲ್ಲ ಗೊತ್ತು. ಗೌರವಿಸಲು ಚಾಚಿದ ಬೆರಳನ್ನು ಅವರು ಭರಣಿಯ ಅಂಚಿಗೆ ಒರೆಸಿಕೊಂಡರು. ಜನ ಸೇರಿತು. ಮನೆಯೊಡತಿ ಓಡಿ ಬಂದರು. ಅಕ್ಕ ಅವರ ಮುಖವನ್ನು ಮೊದಲ ಸಲ ಹಗಲಿನಲ್ಲಿ ನೋಡಿದ್ದು ಆಗಲೇ.

"ನಿಮಗ ಗೊತ್ತಿತ್ತೇನ್ರಿ?" ಎಂದು ಸೋದರತ್ತೆ ಕೇಳಿದರು.

ಮನೆಯೊಡತಿ ಸೊಂಟದ ಕೀಲಿಕೈ ಗೊಂಚಲನ್ನು ಮುಟ್ಟಿಕೊಂಡರು. "ಇಲ್ರಿ," ಅಂದರು. "ಗೊತ್ತಿರಲಿಲ್ಲ."

ಜಗಲಿಯ ಮೇಲೆ ಮದುಮಗಳಿಗೆ ಹಸಿರು ಬಳೆ ತೊಡಿಸುತ್ತ ಕೂತಿದ್ದ ಬಳೆಗಾರ್ತಿ ಕೈ ನಿಲ್ಲಿಸಿದಳು. ಅವಳ ಧ್ವನಿ ಏರಲಿಲ್ಲ.

"ಗೊತ್ತಿತ್ತರಿ. ನಾನ ಹೇಳಿದ್ದೆ."

ಅವಳು ಅಂದು ಎರಡನೆಯ ಕೈಗೆ ಬಳೆ ತೊಡಿಸಲಿಲ್ಲ, ಎಬ್ಬಿಸಿ ಕಳಿಸಿದರು. ಮುಂದೆ ಆ ಓಣಿಯ ಯಾವ ಮನೆಯೂ ಅವಳನ್ನು ಕರೆಯಲಿಲ್ಲ. ನಮ್ಮನ್ನು ದನದ ಕೊಟ್ಟಿಗೆಯ ಬದಿಗೆ ಕಳಿಸಿದರು, ಬಸ್ಸು ಬರುವವರೆಗೆ ಕಣ್ಣಿಗೆ ಬೀಳದಂತೆ ಇರಲು.

ಮುಹೂರ್ತ ಸಮೀಪಿಸಿತ್ತು. ಇಡೀ ಅಂಗಳ ಸಾರಿಸಲು ಹೊತ್ತಿರಲಿಲ್ಲ. ರಂಗೋಲಿಯ ಜೀವ ನಡುವಿನಲ್ಲಿ ಇರುತ್ತದೆ, ಅದು ಹೋದರೆ ದೋಷವೂ ಹೋಗುತ್ತದೆ ಎಂದು ಯಾರೋ ಹಿರಿಯರು ಹೇಳಿದರಂತೆ. ಸೆಗಣಿ ನೀರು ತಂದು ನಡುವಿನ ಹೂವನ್ನಷ್ಟೇ ಸಾರಿಸಿ, ಆ ಹಸಿ ವೃತ್ತದೊಳಗೆ ಒಬ್ಬ ಮುತ್ತೈದೆಯ ಕೈಯಿಂದ ಒಂದು ಪುಟ್ಟ ಕಮಲ ಬರೆಸಿದರು. ಕೊಟ್ಟಿಗೆಯ ಕಿಂಡಿಯಿಂದ ಅಕ್ಕ ಇದನ್ನೆಲ್ಲ ನೋಡಿದಳು. ಹಳೆಯ ಕ್ರಮದ ರಂಗೋಲಿಯಾಗಿದ್ದರೆ ಅವರ ಲೆಕ್ಕ ಅವರ ಮಟ್ಟಿಗೆ ಸರಿಯೇ. ಆದರೆ ಅಕ್ಕನ ರಂಗೋಲಿಯಲ್ಲಿ ನಡುವೆ ಇದ್ದದ್ದೇ ಪ್ರತಿ ಮೂಲೆಯಲ್ಲೂ ಇತ್ತು, ಪೂರ್ತಿಯಾಗಿ, ಸಣ್ಣದಾಗಿ. ವಧೂವರರು ಅದರ ಮೇಲೆಯೇ ಹೆಜ್ಜೆಯಿಟ್ಟು ಮಂಟಪಕ್ಕೆ ಹೋದರು.

"ನಡುವಿಂದಷ್ಟ ಸಾರಿಸ್ಯಾರ," ಅಂದಳು ಅಕ್ಕ. ಗೆದ್ದವಳ ಧ್ವನಿ ಅದಾಗಿರಲಿಲ್ಲ. ಕಿಂಡಿಯಿಂದ ಈಚೆಗೆ ಸರಿದು ಮತ್ತೆ ಅಂದಳು: "ಆಕಿ ಗೊತ್ತಿರಲಿಲ್ಲ ಅಂದ್ಲಲ್ಲ."

ಆ ದಂಪತಿಗಳು ಇಂದಿಗೂ ಸುಖವಾಗಿದ್ದಾರೆ, ಮಕ್ಕಳಿದ್ದಾರೆ. ವಿಧವೆಯ ಕೈ ಅಮಂಗಳ ಎನ್ನುವವರಿಗೆ ಇದನ್ನು ಸಾಕ್ಷಿಯಾಗಿ ಕೊಡಬಹುದಿತ್ತು. ಕೊಡಲು ನನಗೆ ಮನಸ್ಸಿಲ್ಲ. ಅವರಿಗೆ ಕೇಡಾಗಿದ್ದರೂ ಅಕ್ಕನಿಗೆ ಮಾಡಿದ್ದು ತಪ್ಪೇ ಆಗಿರುತ್ತಿತ್ತು.

ಮರಳುವ ಬಸ್ಸಿನಲ್ಲಿ ಅಕ್ಕ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ, ಹಿಂದೆ ಶಿಗ್ಗಾಂವದಿಂದ ಬಂದಿದ್ದ ದಾರವನ್ನು ತೆಗೆದು ಗಂಟುಗಳನ್ನು ಒಂದೊಂದಾಗಿ ಬಿಚ್ಚಿದಳು. ಹಾನಗಲ್ಲ ಬರುವಷ್ಟರಲ್ಲಿ ಅದು ಬರಿಯ ದಾರವಾಗಿತ್ತು. ಸುದ್ದಿ ಸವಣೂರು ಮುಟ್ಟಿತು. ಅಲ್ಲಿಂದ ದಾರ ಬರುವುದು ನಿಂತಿತು. ಅಷ್ಟು ಚೇಷ್ಟೆಯ ಹೆಣ್ಣುಮಗಳ ಈ ಮೌನವೂ ಒಂದು ತಪ್ಪು. ಹಿರೇಕೆರೂರಿನಿಂದ ಮಾತ್ರ ಸುಗ್ಗಿಯ ಹೊತ್ತಿಗೆ ಬಳೆಗಾರ್ತಿ ಒಂದು ದಾರ ತಂದಳು. ಎಂದಿನಂತೆ ಒಂದು ಕುಣಿಕೆ ಹೆಚ್ಚು. ಆ ಒಕ್ಕಲಗಿತ್ತಿಗೆ ಎಲ್ಲವೂ ತಿಳಿದಿತ್ತಂತೆ. ಅದಕ್ಕೇನಾತು, ಹೂವು ಕಳಸು ಅಂತ ಹೇಳು ಎಂದಿದ್ದಳಂತೆ. ಅಕ್ಕ ಆ ದಾರವನ್ನು ಬೆರಳುಗಳ ನಡುವೆ ಪೂರ್ತಿ ಎಳೆದು ನೋಡಿದಳು, ಗೂಟಕ್ಕೆ ತೂಗುಹಾಕಿದಳು. ಉತ್ತರ ಕಟ್ಟಲಿಲ್ಲ. ಜೋಳದ ಹಿಟ್ಟಿನ ಮೊರದಲ್ಲಿ ಅವಳ ಬೆರಳಿನ ಗುರುತನ್ನು ನಾನು ಮತ್ತೆಂದೂ ಕಾಣಲಿಲ್ಲ. ರಜೆಗೆ ಹೋದಾಗ ನಾನು ಬಾಗಿಲ ಮುಂದೆ ಕೂತರೆ ಹೊಸ್ತಿಲ ಒಳಗಿನಿಂದ ಯಾವ ಧ್ವನಿಯೂ ಬರುತ್ತಿರಲಿಲ್ಲ. ಎಂಬತ್ತರ ದಶಕದ ಒಂದು ಮಳೆಗಾಲದಲ್ಲಿ ಜ್ವರದಿಂದ ಅವಳು ಹೋದಳು. ದಾರ ಗೂಟದಲ್ಲಿಯೇ ಇತ್ತು.

ಮರುವರ್ಷ ಹೆಣ್ಣುಮಕ್ಕಳ ಓದಿನ ಬಗೆಗೆ ಮಾತಾಡಲು, ಅಷ್ಟರಲ್ಲಿ ಶಿಕ್ಷಕಿಯಾಗಿದ್ದ ನಾನು ಶಿಗ್ಗಾಂವಕ್ಕೆ ಹೋಗಬೇಕಾಯಿತು. ಅಂದು ಅಲ್ಲಿ ರಂಗೋಲಿ ಸ್ಪರ್ಧೆ. ನಡೆಸುತ್ತಿದ್ದದ್ದು ಮಹಿಳೆಯರ ಸಂಘ; ಅಧ್ಯಕ್ಷೆ ಅದೇ ಮನೆಯೊಡತಿ. ಮೊದಲ ಬಹುಮಾನ ಪಡೆದ ಚೌಕದಲ್ಲಿ ನಾಲ್ಕೆಸಳಿನ ಹೂವು, ಮೂಲೆಗೆ ಅರ್ಧ, ಅದರ ಮೂಲೆಗೆ ಮತ್ತೂ ಅರ್ಧ. ಇದು ಎಲ್ಲಿಯದು ಎಂದು ಕೇಳಿದೆ. ನಮ್ಮ ಅಧ್ಯಕ್ಷರ ಮನೆತನದ ರಂಗೋಲಿ ಎಂದು ಆ ಹುಡುಗಿ ಹೆಮ್ಮೆಯಿಂದ ಹೇಳಿದಳು, ಅವಳದೇನೂ ತಪ್ಪಿಲ್ಲ. ಬಾಗಿಲ ಬಳಿಯ ಹಲಗೆಯ ಮೇಲೆ ಬರೆದಿತ್ತು: ಕನ್ಯೆಯರಿಗೆ ಮತ್ತು ಮುತ್ತೈದೆಯರಿಗೆ ಮಾತ್ರ.

ಆದ್ದರಿಂದ ಅಧ್ಯಕ್ಷರೇ, ಸಂಘದ ಸದಸ್ಯರೇ, ಇದನ್ನು ನಿಮಗೆ ಹೇಳುತ್ತಿದ್ದೇನೆ. ಮುಂದಿನ ಸ್ಪರ್ಧೆಗೆ ಮೊದಲು ಹಲಗೆಯ ಮೇಲಿನ ಆ ಸಾಲನ್ನು ಅಳಿಸಿರಿ, ಪೂರ್ತಿಯಾಗಿ, ಒಂದಕ್ಷರವೂ ಉಳಿಯದಂತೆ. ಬಾಗಿಲಿಗೆ ಎದುರಾದ ಮೊದಲ ಚೌಕವನ್ನು ನಿಮ್ಮ ಊರಿನ ವಿಧವೆಯರಿಗೆ ಬಿಟ್ಟುಕೊಡಿರಿ. ಈ ರಂಗೋಲಿ ಹಾನಗಲ್ಲಿನ ಒಬ್ಬ ವಿಧವೆಯದೆಂದು ಸಭೆಯಲ್ಲಿ ಹೇಳಿರಿ. ಮತ್ತು ಅಧ್ಯಕ್ಷರೇ, ನನ್ನ ಅಕ್ಕನಿಗೆ ನೀವು ಹೇಳಬೇಕಾಗಿದ್ದ ಮಾತಿಗೆ ಈಗ ಕೇಳುವವಳಿಲ್ಲ. ಆದರೆ ಬಳೆಗಾರ್ತಿ ಸವಣೂರಿನಲ್ಲಿ ಇನ್ನೂ ಇದ್ದಾಳೆ. ಅವಳನ್ನು ಅದೇ ಅಂಗಳಕ್ಕೆ, ಮುಂಬಾಗಿಲಿನಿಂದ, ಹಗಲಿನಲ್ಲಿ ಕರೆಸಿರಿ. ಓಣಿಯವರೆಲ್ಲ ಕೇಳುವಂತೆ ಅವಳೆದುರು ಹೇಳಿರಿ: ನನಗೆ ಗೊತ್ತಿತ್ತು.