ಹೆಗಲ ಹಿಂದಿನ ನಿನ್ನೆ

ನಮ್ಮ ಅತ್ತಿಗೆ ಮಗ್ಗದ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷ ನೇಯ್ದವರು. ನಾನು ಅಲ್ಲೇ ಫಿಟ್ಟರ್. ನಲವತ್ತು ಮಗ್ಗ ಒಟ್ಟಿಗೆ ಓಡುವಾಗ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುವುದಿಲ್ಲ. ಅದಕ್ಕೇ ಕೈಯಲ್ಲೇ ಮಾತು. ಯಾವ ಸನ್ನೆ ಯಾರು ಶುರುಮಾಡಿದರೋ ಯಾರಿಗೂ ಗೊತ್ತಿಲ್ಲ. ಎರಡು ಬೆರಳು ಜೋಡಿಸಿ ಬಿಡಿಸಿದರೆ ಎಳೆ ಕಡಿದಿದೆ. ಹೆಬ್ಬೆರಳು ಬಾಯಿಗೆ ತೋರಿಸಿದರೆ ಟೀ ಬಂತು. ಎರಡೂ ಕೈಯಲ್ಲಿ ಪ್ಯಾಂಟನ್ನು ಹೊಟ್ಟೆಯ ಮೇಲಕ್ಕೆ ಎತ್ತಿಕೊಂಡಂತೆ ಮಾಡಿದರೆ ಮಾಲೀಕರು ಬಂದರು. ಇದೊಂದು ಮಾತ್ರ ಅತ್ತಿಗೆಯ ಸ್ವಂತದ್ದು. ಎಲ್ಲ ಸೇರಿ ಮೂವತ್ತು ಸನ್ನೆ ಇದ್ದಿರಬಹುದು. ನಮಗೆ ಅಷ್ಟು ಸಾಕಾಗಿತ್ತು.

ಅತ್ತಿಗೆಯ ತಂಗಿಯ ಮಗಳಿಗೆ ಹುಟ್ಟಿನಿಂದಲೇ ಕಿವಿ ಕೇಳದು. ಇಪ್ಪತ್ತೆರಡು ವಯಸ್ಸು. ಕಿವಿ ಕೇಳದವರ ಶಾಲೆಯಲ್ಲಿ ಓದಿದವಳು. ನಾಲ್ಕು ಕಡೆ ಕೆಲಸ ಕೇಳಿ ನಾಲ್ಕೂ ಕಡೆಯಿಂದ ವಾಪಸ್ ಬಂದಿದ್ದಳು. ಅತ್ತಿಗೆ ಅವಳನ್ನು ಮಾಲೀಕರ ಮುಂದೆ ತಂದು ನಿಲ್ಲಿಸಿದರು.

“ಏನಮ್ಮಾ, ಕಿವೀನೇ ಕೇಳ್ದಿರೋಳಿಗೆ ಕೆಲಸ ಹೇಳೋದು ಹೇಗೆ?”

“ಒಳಗೆ ಹೋದ್ಮೇಲೆ ನಮಗ್ಯಾರಿಗೆ ಕೇಳುತ್ತೆ ಸಾರ್? ಇಪ್ಪತ್ತಾರು ವರ್ಷದಿಂದ ನೀವು ಬೈದಿದ್ದು ಒಂದೂ ನನ್ನ ಕಿವಿಗೆ ಬಿದ್ದಿಲ್ಲ.”

ಮಾಲೀಕರಿಗೆ ನಗು ಬಂತು, ತಡೆದುಕೊಂಡರು. “ಒಂದು ವಾರ ನೋಡ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ಮತ್ತೆ ಕೇಳ್ಬಾರ್ದು.”

ಮೂವತ್ತು ಸನ್ನೆಯನ್ನೂ ಹುಡುಗಿ ಮೊದಲ ದಿನ ಮಧ್ಯಾಹ್ನದೊಳಗೆ ಕಲಿತುಬಿಟ್ಟಳು. ಆಮೇಲೆ ತನ್ನವನ್ನು ಸೇರಿಸತೊಡಗಿದಳು. ಮೂರನೇ ದಿನ ನನ್ನನ್ನು ಕರೆದು, ಕೈಯನ್ನು ಹೆಗಲ ಮೇಲಿಂದ ಹಿಂದಕ್ಕೆ ಬೀಸಿದಳು. ತಿರುಗಿ ನೋಡಿದೆ. ಬರೀ ಗೋಡೆ. ಮತ್ತೆ ಬೀಸಿದಳು, ಎಳೆ ಕಡಿದ ಸನ್ನೆ ಮಾಡಿದಳು, ಅಂಗೈ ಮುಂದಕ್ಕೆ ಚಾಚಿದಳು, ಏಳನೇ ಮಗ್ಗ ತೋರಿಸಿದಳು. ಹೋಗಿ ನೋಡಿದರೆ ಮಗ್ಗ ಚೆನ್ನಾಗಿಯೇ ಓಡುತ್ತಿತ್ತು. ಗೋಡೆಯನ್ನೂ ಮತ್ತೊಮ್ಮೆ ನೋಡಿ ಬಂದೆ.

ಟೀ ಹೊತ್ತಿಗೆ ಅತ್ತಿಗೆ ತಲೆ ಚಚ್ಚಿಕೊಂಡರು. “ಗೋಡೇಲೇನಿದ್ಯೋ ಮಹರಾಯ! ಹಿಂದೆ ಅಂದ್ರೆ ನಿನ್ನೆ. ನಿನ್ನೆ ಕಡೀತು, ಮೊನ್ನೆ ಕಡೀತು, ನಾಳೆನೂ ಕಡಿಯುತ್ತೆ ಅಂತಿದಾಳೆ.”

ನಾಳೆ ಎಂದರೆ ಅಂಗೈ ಮುಂದಕ್ಕೆ. ಏಳನೇ ಮಗ್ಗದಲ್ಲಿ ಎಳೆಗಳ ನಡುವೆ ಓಡಾಡುವ ಲಾಳಿ ತೆಗೆದು ಬೆರಳಾಡಿಸಿದೆ. ತುದಿಯಲ್ಲಿ ಕೂದಲಷ್ಟು ಸೀಳು. ಎಳೆ ಕಡಿಯುತ್ತಿದ್ದದ್ದು ಅದೇ.

ಆ ದಿನ ನನಗೆ ಒಂದು ವಿಷಯ ಹೊಳೆಯಿತು. ಇಷ್ಟು ವರ್ಷ ನಮ್ಮ ಕೈಗೆ ಕಣ್ಣೆದುರು ಇದ್ದದ್ದನ್ನು ಹೇಳಲು ಮಾತ್ರ ಬರುತ್ತಿತ್ತು. ನಿನ್ನೆ ಇರಲಿಲ್ಲ. ನಿನ್ನೆ ಬಂದದ್ದೇ ತಡ, ಕಥೆಗಳೂ ಬಂದವು. ನಮ್ಮ ಶೆಡ್ಡಿನ ಮೇಸ್ತ್ರಿ ಸೈಕಲ್ಲಿನಿಂದ ಚರಂಡಿಗೆ ಬಿದ್ದ ಸುದ್ದಿ ಈ ಮೂಲೆಯಿಂದ ಆ ಮೂಲೆಗೆ ಹೋಗುವಷ್ಟರಲ್ಲಿ ಅವನು ಮೂರು ಸಲ ಬಿದ್ದಿದ್ದ.

ಏಳನೇ ದಿನ ಟೀ ಹೊತ್ತಿಗೆ ಮಾಲೀಕರು ಅಂಗಳಕ್ಕೆ ಬಂದರು. ಮಗ್ಗ ನಿಂತಿದ್ದರೂ ನಾವು ಕೈಯಲ್ಲೇ ಹರಟುತ್ತ ನಗುತ್ತಿದ್ದೆವು.

“ಏನು ನಗು? ನನ್ನ ವಿಷ್ಯಾನಾ?”

“ಇಲ್ಲ ಸಾರ್, ಮೇಸ್ತ್ರಿ ಬಿದ್ದಿದ್ದು.”

“ಇನ್ನೂ ಬೀಳ್ತಾನೇ ಇದ್ದೀನಿ,” ಎಂದ ಮೇಸ್ತ್ರಿ.

“ಅಲ್ಲ, ಕೈಯಲ್ಲಿ ನನಗೂ ಒಂದು ಹೆಸರು ಇರ್ಬೇಕಲ್ಲ?” ಎಂದರು ಮಾಲೀಕರು. “ಎಲ್ಲಿ, ಆ ಹುಡುಗೀನೇ ತೋರಿಸ್ಲಿ.”

ನಾವೆಲ್ಲ ಅತ್ತಿಗೆಯತ್ತ ನೋಡಿದೆವು. ಅತ್ತಿಗೆಯ ಮುಖ ಬಿಳಿಚಿತು. ನಾಲ್ಕು ಕಡೆ ಆದದ್ದು ಐದನೇ ಕಡೆಯೂ ಆಗುತ್ತದೆ, ಅದೂ ತಮ್ಮ ಪ್ಯಾಂಟಿನ ತಮಾಷೆಯಿಂದ ಎಂದುಕೊಂಡಿರಬೇಕು. ಆದರೂ ಪ್ರಶ್ನೆಯನ್ನು ಕೈಯಲ್ಲೇ ಹುಡುಗಿಗೆ ದಾಟಿಸಿದರು.

ಹುಡುಗಿ ನಮ್ಮೆಲ್ಲರನ್ನೂ ಒಮ್ಮೆ ನೋಡಿದಳು. ನೆಟ್ಟಗೆ ನಿಂತಳು. ಅಂಗೈಯನ್ನು ಎದೆಗಿಟ್ಟು, ಗತ್ತಿನಿಂದ ತಲೆ ಎತ್ತಿದಳು.

ಅಂಥ ಸನ್ನೆ ನಮ್ಮ ಶೆಡ್ಡಿನಲ್ಲಿ ಎಂದೂ ಇರಲಿಲ್ಲ.

“ಹೌದಾ?” ಮಾಲೀಕರ ಮುಖ ಅರಳಿತು. ತಾವೂ ಒಮ್ಮೆ ಹಾಗೇ ಮಾಡಿ ನೋಡಿದರು. “ಯಾರು ಇಟ್ಟಿದ್ದು?”

“ಎಲ್ಲರೂ ಸೇರಿ ಸಾರ್,” ಎಂದರು ಅತ್ತಿಗೆ.

“ಲಾಳಿ ವಿಷ್ಯ ಮೇಸ್ತ್ರಿ ಹೇಳಿದ. ಚೂಟಿ ಇದಾಳೆ. ಇರ್ಲಿ ಬಿಡಿ, ಕಾಯಂ ಮಾಡ್ಕೊಳ್ಳೋಣ.”

ಹಾಗೆಂದು ತಿರುಗಿದವರೇ ಎರಡೂ ಕೈಯಲ್ಲಿ ಪ್ಯಾಂಟನ್ನು ಹೊಟ್ಟೆಯ ಮೇಲಕ್ಕೆ ಎತ್ತಿಕೊಂಡು ನಡೆದರು. ಅವರು ಆಫೀಸಿನ ಬಾಗಿಲು ದಾಟುವವರೆಗೆ ನಾವು ಹೇಗೆ ತಡೆದುಕೊಂಡೆವೋ ನಮಗೇ ಗೊತ್ತು. ಆಮೇಲೆ ಅತ್ತಿಗೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಮಗ್ಗ ಶುರುವಾದರೂ ಕಣ್ಣೊರೆಸುವುದು ನಿಲ್ಲಲಿಲ್ಲ.

ಸಂಜೆ ಬಾಗಿಲ ಬಳಿ ಹುಡುಗಿ ನನಗೆ ಅಂಗೈ ಮುಂದಕ್ಕೆ ಚಾಚಿ ತೋರಿಸಿದಳು.

ಈ ಸಲ ನಾನು ಮುಂದೆ ಏನಿದೆ ಎಂದು ನೋಡಲಿಲ್ಲ. ನಾನೂ ಅಂಗೈ ಚಾಚಿದೆ.